ಮೂರು ಮನೆಯ ಅರಳೆ

ನಾನು ಚಿಕ್ಕವಳಿದ್ದಾಗ ಶಿರಹಟ್ಟಿಯ ಅರ್ಧ ಊರು ನಮ್ಮ ಅಪ್ಪ ಮಾಡಿಕೊಟ್ಟ ಗಾದಿಯ ಮೇಲೆ ಮಲಗುತ್ತಿತ್ತು, ನಾವು ಮಾತ್ರ ಚಾಪೆಯ ಮೇಲೆ ಮಲಗುತ್ತಿದ್ದೆವು. ಇದನ್ನು ಹೇಳಿದಾಗಲೆಲ್ಲ ನೀವು ಮೊಮ್ಮಕ್ಕಳು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ. ಆಗ ನನಗೂ ಇದು ವಿಚಿತ್ರವಾಗಿಯೇ ಕಾಣುತ್ತಿತ್ತು. ಈಗ ತಲೆಯೆಲ್ಲ ಅರಳೆಯಷ್ಟು ಬೆಳ್ಳಗಾದ ಮೇಲೂ ಪೂರ್ತಿ ಅರ್ಥವಾಗಿದೆ ಎಂದು ಹೇಳಲಾರೆ. ಅದಕ್ಕೇ ಒಂದು ಶುಕ್ರವಾರ ನಡೆದದ್ದನ್ನು ನಿಮಗೆ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ನನಗೂ ತಿಳಿಸಿ.

ನಾವು ಪಿಂಜಾರರು. ಮನೆಯಲ್ಲಿ ಮಾತು ಕನ್ನಡ, ನಮಾಜು ಅರಬ್ಬಿ, ಕಸುಬು ಹತ್ತಿ ಹಿಂಜುವುದು. ವರ್ಷಗಟ್ಟಲೆ ಮಲಗಿ ಮಲಗಿ ಗಾದಿಯೊಳಗಿನ ಅರಳೆ ಗಂಟುಕಟ್ಟಿ ಗಟ್ಟಿಯಾಗುತ್ತದೆ. ಆಗ ಜನ ಗಾದಿಯನ್ನು ಬಿಸಾಡುತ್ತಿರಲಿಲ್ಲ, ಪಿಂಜಾರನನ್ನು ಕರೆಯುತ್ತಿದ್ದರು. ಅಪ್ಪ ತನಗಿಂತ ಎತ್ತರದ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಅವರ ಮನೆಗೇ ಹೋಗುತ್ತಿದ್ದ. ಅಂಗಳದಲ್ಲಿ ಹಳೆಯ ಸೀರೆ ಹಾಸಿ, ಗಾದಿಯ ಹೊಲಿಗೆ ಬಿಚ್ಚಿ ಅರಳೆಯನ್ನು ಸುರಿದು, ಬಿಲ್ಲಿನ ತಂತಿಯನ್ನು ಅದಕ್ಕೆ ತಾಗಿಸಿ ಮರದ ಕೊಡತಿಯಿಂದ ಬಡಿಯುತ್ತಿದ್ದ. ಟಂಯ್ ಟಂಯ್ ಎಂಬ ಸದ್ದು ಓಣಿಗೆಲ್ಲ ಕೇಳಿಸುತ್ತಿತ್ತು. ಗಂಟು ಬಿಟ್ಟ ಅರಳೆ ಹೊಗೆಯ ಹಾಗೆ ಮೇಲೇಳುತ್ತಿತ್ತು. ಸಂಜೆಯ ಹೊತ್ತಿಗೆ ಅದೇ ಅರಳೆ ಅದೇ ಚೀಲದಲ್ಲಿ ಉಬ್ಬಿ ಹೊಸ ಗಾದಿಯಾಗಿ ಕೂತಿರುತ್ತಿತ್ತು. ಹೊಲಿಯುವ ಕೆಲಸ ಅವ್ವನದು. ಶಾಲೆಗೆ ಸೂಟಿ ಇದ್ದಾಗ ನಾನೂ ಅವ್ವನ ಬೆನ್ನಿಗೆ ಹೋಗುತ್ತಿದ್ದೆ, ಹಳೆಯ ಅರಳೆಯ ಧೂಳಿಗೆ ಸೀನಿ ಸೀನಿ ಮೂಗು ಕೆಂಪಾಗಿಸಿಕೊಂಡು ಬರುತ್ತಿದ್ದೆ.

ನಮ್ಮ ಮನೆಯ ರೀತಿಯೇ ಬೇರೆ ಇತ್ತು. ನಮಾಜಿಗೆ ಮೊದಲು ಕೈ, ಬಾಯಿ, ಮುಖ, ಕಾಲು ತೊಳೆದು ವುಜೂ ಮಾಡಬೇಕಲ್ಲ, ಅಪ್ಪನಿಗೆ ಅದಕ್ಕೆ ಒಂದೇ ತಂಬಿಗೆ ನೀರು ಸಾಕಾಗುತ್ತಿತ್ತು. ಅದನ್ನೂ ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲೇ ಕುಳಿತು ಮಾಡುತ್ತಿದ್ದ. ಅಪ್ಪನ ವುಜೂ ನೀರು ಕುಡಿದೇ ಬೆಳೆದ ಆ ಗಿಡ ಓಣಿಯ ಎಲ್ಲ ಒಗ್ಗರಣೆಗೂ ಎಲೆ ಕೊಡುತ್ತಿತ್ತು. ಅಕ್ಕಿ ತೊಳೆದ ನೀರು ಮನೆಯ ಆಡಿಗೆ ಕುಡಿಯಲು, ಒಲೆಯ ಬೂದಿ ಪಾತ್ರೆ ತಿಕ್ಕಲು. ಅಪ್ಪನ ಲುಂಗಿ ಹರಿದರೆ ಕೌದಿಗೆ ತೇಪೆ, ಕೌದಿ ಸವೆದರೆ ಒಲೆಯ ಹತ್ತಿರದ ಮಸಿಅರಿವೆ, ಅದೂ ಸವೆದರೆ ಚಿಮಣಿಗೆ ಬತ್ತಿ. ನಮ್ಮ ಮನೆಯಲ್ಲಿ ಬಟ್ಟೆಗೆ ಸಾವೇ ಇರಲಿಲ್ಲ. ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಅಪ್ಪ ಎತ್ತಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಇದೆಲ್ಲ ಬಡತನ ಎಂದು ನಾನು ತಿಳಿದಿದ್ದೆ. ಒಮ್ಮೆ ಕೇಳಿಯೂ ಬಿಟ್ಟೆ.

"ನಮಾಜ ಅಂದ್ರ ಐದು ಹೊತ್ತಿಂದು ಅಷ್ಟ ಅಲ್ಲವ್ವಾ" ಎಂದ ಅಪ್ಪ. "ಮನಿಯೊಳಗ ಹೆಂಗ ಇರತೀವಿ, ಅದೂ ನಮಾಜನ."

ಚಾಪೆಯ ಮೇಲೆ ಮಲಗುವುದು ನಮಾಜು ಹೇಗಾಗುತ್ತದೆ ಎಂದು ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಹೊಳೆಯಲಿಲ್ಲ. ಆದರೆ ಅಪ್ಪನ ನಮಾಜಿನಲ್ಲಿ ಎರಡು ಕಟ್ಟಳೆಗಳಿವೆ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು, ಯಾವುದನ್ನೂ ಕೆಡಿಸಬಾರದು. ಇನ್ನೊಂದು, ಮಂದಿಯ ವಸ್ತು ನಮ್ಮ ಹೊಸ್ತಿಲು ದಾಟಬಾರದು. ಕೆಲಸ ಮುಗಿದ ಮೇಲೆ ಅಪ್ಪ ಗಿರಾಕಿಯ ಅಂಗಳದಲ್ಲೇ ನಿಂತು ಅಂಗಿ ಜಾಡಿಸುತ್ತಿದ್ದ. ಗಡ್ಡಕ್ಕೆ ಅಂಟಿದ ಎಳೆಗಳನ್ನೂ ಒಂದೊಂದಾಗಿ ಕಿತ್ತು, ಅವ್ವ ಕೊನೆಯ ಹೊಲಿಗೆ ಹಾಕುವ ಮೊದಲು ಗಾದಿಯೊಳಗೆ ಸೇರಿಸುತ್ತಿದ್ದ. ಅವ್ವ ಸೂಜಿ ಹಿಡಿದು ಕಾಯುತ್ತ ಕೂತಿರುತ್ತಿದ್ದಳು, ಒಂದು ದಿನವೂ ಅವಸರ ಮಾಡಲಿಲ್ಲ.

ಆ ಬೇಸಿಗೆಯಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆಂದು ಮುಂಡರಗಿಯಿಂದ ಬಂದಳು. ಅಕ್ಕನೆಂದರೆ ನನಗೆ ಜೀವ. ಆದರೆ ಅವಳು ಬದಲಾಗಿದ್ದಳು. ಗಂಡನ ಮನೆಯಲ್ಲಿ ಗಾದಿಯ ಮೇಲೆ ಮಲಗಿ ರೂಢಿಯಾಗಿ, ಇಲ್ಲಿ ಚಾಪೆಯ ಮೇಲೆ ಮಗ್ಗಲು ಬದಲಿಸಿ ಬದಲಿಸಿ ಒದ್ದಾಡುತ್ತಿದ್ದಳು. ಒಂದು ದಿನ ಹುಟ್ಟುವ ಕೂಸಿಗೆ ಪುಟ್ಟದೊಂದು ಗಾದಿ ಮಾಡಿಕೊಡು ಎಂದು ಅಪ್ಪನನ್ನು ಕೇಳಿದಳು. ಅಪ್ಪ ನಕ್ಕು, "ಕೂಸಿಗೆ ಹಳೆ ಕೌದಿಯಷ್ಟು ಮೆತ್ತಗಂದು ಜಗತ್ತಿನ್ಯಾಗ ಯಾವ್ದೂ ಇಲ್ಲ. ನೀವಿಬ್ರೂ ಅದರಾಗ ಬೆಳದೀರಿ" ಎಂದ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ ಅಕ್ಕ ನನಗಷ್ಟೇ ಕೇಳುವಂತೆ, "ಊರಿಗೆಲ್ಲ ಗಾದಿ ಮಾಡಿಕೊಡತಾನ. ನನ್ನ ಕೂಸಿಗೆ ಒಂದು ಗೇಣು ಗಾದಿ ಇಲ್ಲ" ಎಂದಳು. ನನಗೆ ಅಪ್ಪನ ಮೇಲೆ ಮೊದಲ ಸಲ ಸಿಟ್ಟು ಬಂತು.

ಅಕ್ಕನ ಕೂಸಿಗೆ ಗಾದಿ ಮಾಡಿಯೇ ತೀರುವುದೆಂದು ಅಂದೇ ಪಣ ತೊಟ್ಟೆ. ಅರಳೆ ಎಲ್ಲಿಂದ ತರುವುದು? ಅದು ನನ್ನ ಕಣ್ಣೆದುರಿಗೇ ಹಾರಾಡುತ್ತಿತ್ತು. ಅಪ್ಪ ಬಿಲ್ಲು ಬಡಿಯುವಾಗ ಬೇಸಿಗೆಯ ಗಾಳಿ ಸುಮ್ಮನಿರುತ್ತದೆಯೇ? ಹಗುರಾದ ಎಳೆಗಳನ್ನು ಎತ್ತಿಕೊಂಡು ಹೋಗಿ ಜಾಲಿಮುಳ್ಳಿನ ಬೇಲಿಗೆ, ದನದ ಗೋದಲಿಗೆ, ಗೋಡೆಯ ಬಿರುಕಿಗೆ ಸಿಕ್ಕಿಸುತ್ತಿತ್ತು. ಸೀರೆಯ ಮೇಲೆ ಬಿದ್ದದ್ದನ್ನು ಅಪ್ಪ ಬಳಿದು ತುಂಬುತ್ತಿದ್ದ, ಇಷ್ಟು ದೂರ ಹಾರಿದ್ದು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಎರಡು ದಿನ ಬಿಟ್ಟರೆ ಅದು ಗಟಾರ ಸೇರುವಂಥದ್ದು. ಕೆಡುವುದನ್ನು ಉಳಿಸುವುದೂ ಅಪ್ಪನ ನಮಾಜೇ ಅಲ್ಲವೇ ಎಂದುಕೊಂಡು ನಾನು ಬೇಲಿ ಬೇಲಿ ಹುಡುಕಿ, ಮುಳ್ಳು ಚುಚ್ಚಿಸಿಕೊಂಡು, ಎಳೆ ಎಳೆ ಕೂಡಿಹಾಕಿದೆ. ಉಟ್ಟ ಪರಕಾರದ ಮಡಿಕೆಯಲ್ಲಿ ಬಚ್ಚಿಟ್ಟು ಮನೆಗೆ ತಂದೆ. ಮೊದಲು ಮಾಸ್ತರರ ಮನೆಯ ಅಂಗಳ, ಆಮೇಲೆ ಎಣ್ಣೆ ಗಾಣದ ಸಾವಕಾರರ ಮನೆ, ಕೊನೆಗೆ ಬಸ್ ನಿಲ್ದಾಣದ ಹತ್ತಿರ ಬಾಡಿಗೆಗಿದ್ದ ಸರಕಾರಿ ನೌಕರರ ಮನೆ. ಈ ಮೂರು ಮನೆಗಳ ಗಾಳಿ ನನಗೆ ಎರಡು ಬೊಗಸೆ ಅರಳೆ ಕೊಟ್ಟಿತು. ಅವ್ವನ ಹರಿದ ಕುಬಸದ ಬಟ್ಟೆಯಲ್ಲಿ ಅದನ್ನು ತುಂಬಿ, ಅಡ್ಡಾದಿಡ್ಡಿ ಹೊಲಿಗೆ ಹಾಕಿ, ಮೊರದಷ್ಟು ಅಗಲದ ಗಾದಿ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಅದನ್ನು ಅಕ್ಕನ ತೊಡೆಯ ಮೇಲಿಟ್ಟೆ. ಅಕ್ಕ ಅದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಎಷ್ಟೋ ದಿನಗಳ ಮೇಲೆ ಅವಳು ಮನಸಾರೆ ನಕ್ಕಿದ್ದು ಅವತ್ತೇ. ನನ್ನ ಎದೆ ಅರಳೆ ತುಂಬಿದಂತೆ ಉಬ್ಬಿತು. ಅಷ್ಟರಲ್ಲಿ ಅಪ್ಪ ಸ್ನಾನ ಮುಗಿಸಿ ಒಳಗೆ ಬಂದ. ಶುಕ್ರವಾರ ಅಪ್ಪನಿಗೆ ಕೆಲಸವಿಲ್ಲ, ಮಧ್ಯಾಹ್ನ ಮಸೀದಿಗೆ ಹೋಗುವ ದಿನ. ಗಾದಿ ನೋಡಿ ಎಲ್ಲಿಂದ ಬಂತು ಎಂದು ಕೇಳಿದ. ನಾನು ಒಂದನ್ನೂ ಬಿಡದೆ ಹೇಳಿದೆ, ಮುಳ್ಳು ಚುಚ್ಚಿದ ಬೆರಳುಗಳನ್ನೂ ತೋರಿಸಿದೆ. ಅಪ್ಪನಿಂದ ಶಹಬ್ಬಾಸ್ ಬರುತ್ತದೆ ಎಂದು ನೂರಕ್ಕೆ ನೂರು ನಂಬಿದ್ದೆ.

ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಗೋಡೆಗೆ ಒರಗಿ ಕುಳಿತುಬಿಟ್ಟ.

"ಕೆಡೋದನ್ನ ಉಳಿಸ್ಯಾಳ, ಅದು ಖರೆ" ಎಂದು ಅವ್ವನಿಗೆ ಹೇಳಿದ. "ಆದರ ಮಂದೀದನ್ನ ಮನಿಗಿ ತಂದಾಳ, ಅದೂ ಖರೆ."

"ಗಾಳಿಗೆ ಹಾರಿದ್ದಕ್ಕ ಯಾರು ಧಣಿ?" ಎಂದಳು ಅವ್ವ.

"ಗಾಳಿ ಹಾರಿಸ್ತು, ಇಲ್ಲನಂಗಿಲ್ಲ. ಹಾರಿದ್ದು ಅವರ ಗಾದಿಯೊಳಗಿಂದಲ್ಲ?"

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ವುಜೂ ಮಾಡಲು ಹಿತ್ತಲಿಗೆ ಹೋದವನು ಮುಖ ತೊಳೆಯುವಷ್ಟರಲ್ಲೇ ತಂಬಿಗೆ ಬರಿದು ಮಾಡಿಕೊಂಡ. ಖಾಲಿ ತಂಬಿಗೆಯನ್ನು ಬೋರಲು ಹಾಕಿ ನೋಡಿ, ಇನ್ನೊಂದು ತಂಬಿಗೆ ನೀರು ತಾ ಎಂದು ನನ್ನನ್ನು ಕರೆದ. ನನಗೆ ತಿಳಿದ ಮಟ್ಟಿಗೆ ಅದು ಅವನ ಆಯುಷ್ಯದಲ್ಲೇ ಮೊದಲನೆಯದು. ನೀರು ಕೊಡುವಾಗ ನನಗೆ ಅಳು ಬಂತು, ಯಾಕೆ ಅಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಮಸೀದಿಯಿಂದ ಬಂದ ಮೇಲೆ ಅಪ್ಪ ಪುಟ್ಟ ಗಾದಿಯನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಕೈ ಹಿಡಿದು ಹೊರಟ. ಮೂರೂ ಮನೆಗಳಿಗೆ ಹೋಗಿ ನಡೆದದ್ದು ಹೇಳಿ ಮಾಫಿ ಕೇಳುವುದು. ಅವರು ಮನಸ್ಸಿನಿಂದ ಬಿಟ್ಟುಕೊಟ್ಟರೆ ಅರಳೆ ನಮ್ಮದಾಗುತ್ತದೆ, ಗಾದಿ ಅಕ್ಕನ ಕೂಸಿಗೆ. ಬಿಟ್ಟುಕೊಡದಿದ್ದರೆ ಇಲ್ಲ. ಅಕ್ಕ ಬಾಗಿಲಿಗೆ ಬಂದು ನಿಂತು ನಮ್ಮನ್ನು ನೋಡುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ.

ಮಾಸ್ತರರ ಮನೆಯಲ್ಲಿ ಅವರ ಹೆಂಡತಿ ಶಾವಿಗೆ ಒಣಹಾಕುತ್ತಿದ್ದರು. ಅಪ್ಪ ಹೇಳಿದ್ದೆಲ್ಲ ಕೇಳಿ, ಸೆರಗು ಬಾಯಿಗೆ ಹಿಡಿದು ನಕ್ಕರು.

"ಒಂದು ಹಿಡಿ ಅರಳಿಗೆ ಈ ಬಿಸಲಾಗ ಬಂದ್ರೇನು? ಬೇಲಿ ಮ್ಯಾಲಿಂದು ಯಾರದಾದ್ರೇನು, ಒಯ್ರಿ."

"ಹಂಗಲ್ರೀ ಬಾಯಾರ. ಬಿಟ್ಟುಕೊಟ್ಟೀನಿ ಅಂತ ಬಾಯಿಬಿಟ್ಟು ಅನ್ರಿ" ಎಂದ ಅಪ್ಪ.

"ಬಿಟ್ಟುಕೊಟ್ಟೀನಿ. ಆತು? ಹುಡುಗಿ ಮಾರಿ ಬಾಡೇತಿ, ನೀರರ ಕುಡದು ಹೋಗ್ರಿ" ಎಂದು ಅವರು ನನ್ನ ಕೈಗೆ ಬೆಲ್ಲ ಕೊಟ್ಟರು. ಬೆಲ್ಲ ತಿನ್ನುತ್ತ ನಾನು, ಇಷ್ಟೇ ತಾನೆ, ಇನ್ನೆರಡು ಮನೆ, ಇನ್ನೆರಡು ತುಂಡು ಬೆಲ್ಲ ಎಂದುಕೊಂಡೆ.

ಗಾಣದ ಸಾವಕಾರರು ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕುಳಿತಿದ್ದರು. ಅಪ್ಪ ಅಲ್ಲಿಯೂ ಅದನ್ನೇ ಹೇಳಿದ. ಸಾವಕಾರರು ನಗಲಿಲ್ಲ.

"ಇವತ್ತು ಇಷ್ಟು ಅಂತ ತಂದು ತೋರಸ್ತಿ" ಎಂದರು, ಎಲ್ಲರಿಗೂ ಕೇಳುವಂತೆ. "ಇಷ್ಟು ವರ್ಷ ಎಷ್ಟು ಒಯ್ದಿ, ಅದನ್ನ ಯಾರು ತೋರಸಬೇಕು?"

ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಿಂಜಾರರು ಅರಳೆ ಕದಿಯುತ್ತಾರೆ ಎಂದು ಊರಲ್ಲಿ ಆಡಿಕೊಳ್ಳುವವರು ಇದ್ದೇ ಇದ್ದರು. ಅಪ್ಪನನ್ನು ಮಾತ್ರ ಯಾರೂ ಹಾಗೆ ಅಂದಿರಲಿಲ್ಲ. ಈಗ ಅವನೇ ಹೋಗಿ ಬಾಯಿಗೆ ಸಿಕ್ಕಿದ್ದ, ನನ್ನಿಂದಾಗಿ. "ಹಂಗ ಒಯ್ದಿಲ್ರಿ ಸಾವಕಾರ್ರ" ಎಂದಷ್ಟೇ ಹೇಳಿದ.

"ಮಾಫಿ ಗೀಫಿ ನನಗ ಗೊತ್ತಿಲ್ಲ. ನನ್ನ ಅರಳಿ ನನಗ ಕೊಡು."

ಅಪ್ಪ ಅಲ್ಲಿಯೇ ಕುಕ್ಕುರುಗಾಲಿನಲ್ಲಿ ಕುಳಿತು, ನಾನು ಹಾಕಿದ್ದ ಹೊಲಿಗೆಯನ್ನು ಉಗುರಿನಿಂದ ಬಿಚ್ಚಿ, ದೊಡ್ಡದೊಂದು ಹಿಡಿ ಅರಳೆ ತೆಗೆದು ಅವರ ಮುಂದಿಟ್ಟ. ಅವರ ಪಾಲಿಗಿಂತ ಅದು ಹೆಚ್ಚೇ ಇತ್ತು. ಸಾವಕಾರರು ಅದನ್ನು ಮುಟ್ಟಲೂ ಇಲ್ಲ. ಅಷ್ಟರಲ್ಲಿ ಗಾಳಿ ಬಂದು ಒಂದೆರಡು ಎಳೆಗಳನ್ನು ಎಬ್ಬಿಸಿಕೊಂಡು ಹೋಯಿತು. ಅಪ್ಪ ರೂಢಿಯಂತೆ ಹಿಡಿಯಲು ಕೈ ಚಾಚಿದವನು ಹಾಗೇ ಹಿಂದೆಳೆದುಕೊಂಡ.

ಅಲ್ಲಿಂದ ಸ್ವಲ್ಪ ದೂರ ಬಂದ ಮೇಲೆ ನನಗೊಂದು ಅನುಮಾನ ಬಂತು. ಬಾಯಿ ಮುಚ್ಚಿಕೊಂಡಿರಬಹುದಿತ್ತು, ಇರಲಿಲ್ಲ.

"ಅಪ್ಪಾ, ಮೂರೂ ಮನೀದು ನಾ ಕೂಡಿಸಿ ತುಂಬೀನಿ. ಅವರಿಗೆ ಕೊಟ್ಟದ್ದರಾಗ ಮಾಸ್ತರ ಮನೀದೂ ಹೋತಲ್ಲ?"

ಅಪ್ಪ ರಸ್ತೆಯ ನಡುವೆ ನಿಂತುಬಿಟ್ಟ. ಹಿಂದಿನಿಂದ ಬಂದ ಚಕ್ಕಡಿಯವನು ಹೋ ಹೋ ಎಂದು ಕೂಗಿದ ಮೇಲೆಯೇ ಬದಿಗೆ ಸರಿದದ್ದು. ಗಾದಿಯ ಬಾಯಿ ತೆರೆದು ಒಳಗೆ ನೋಡಿದ. ಅರಳೆಯ ಮೇಲೆ ಹೆಸರು ಬರೆದಿರುತ್ತದೆಯೇ? ಎಲ್ಲವೂ ಒಂದೇ ಬಿಳುಪು. ಅಪ್ಪ ಗಾದಿಯ ಬಾಯಿ ಮಡಚಿ ಕಂಕುಳಲ್ಲಿಟ್ಟುಕೊಂಡು ಮುಂದೆ ನಡೆದ.

ಮೂರನೆಯ ಮನೆಯಲ್ಲಿ ಬೇರೆ ಯಾರೋ ಇದ್ದರು. ನೌಕರರಿಗೆ ಹತ್ತು ದಿನಗಳ ಹಿಂದೆ ವರ್ಗವಾಗಿ, ಹೊಸದಾಗಿ ಹಿಂಜಿಸಿದ ಗಾದಿಗಳನ್ನು ಲಾರಿಗೆ ಹೇರಿಕೊಂಡು ಸಂಸಾರ ಸಮೇತ ಹೋಗಿದ್ದರು. ಯಾವ ಊರಿಗೆ ಎಂದರೆ ಒಬ್ಬರು ಬಿಜಾಪುರದ ಕಡೆ ಎಂದರು, ಪಕ್ಕದ ಮನೆಯವರು ಬೆಳಗಾವಿ ಎಂದರು. ಅಪ್ಪ ಆ ಮನೆಯ ಕಟ್ಟೆಯ ಮೇಲೆ ಕುಳಿತ. ನಾನೂ ಕುಳಿತೆ. ಎದುರಿಗೆ ಲಕ್ಷ್ಮೇಶ್ವರದ ಬಸ್ಸು ಬಂತು, ಹೋಯಿತು. ಅರ್ಧ ಬರಿದಾದ ಗಾದಿ ನನ್ನ ತೊಡೆಯ ಮೇಲೆ ಜೋತುಬಿದ್ದಿತ್ತು.

"ಇವರ ಪಾಲೂ ಇದರಾಗ ಐತಿ" ಎಂದ ಅಪ್ಪ. "ಮಾಫಿ ಯಾರಿಗೆ ಕೇಳೂಣು?"

"ಗೊತ್ತಿಲ್ಲಪ್ಪಾ" ಎಂದೆ.

"ನನಗೂ ಗೊತ್ತಾಗವಲ್ತು."

ಅಪ್ಪನ ಬಾಯಿಂದ ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಅಪ್ಪನಿಗೆ ಗೊತ್ತಿಲ್ಲದ್ದೂ ಇರುತ್ತದೆ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಮನೆಗೆ ಬಂದಾಗ ಅಕ್ಕ ಸೊರಗಿದ ಗಾದಿಯನ್ನು ನೋಡಿ ಒಳಗೆ ಹೋದಳು. ಅಪ್ಪ ಗೋಡೆಗೆ ತೂಗುಹಾಕಿದ್ದ ಬಿಲ್ಲನ್ನು ಇಳಿಸಿದ. ಬಿಲ್ಲಿನ ಹಿಡಿಯ ಸುತ್ತ ಅಂಗೈಗೆ ನೋವಾಗದಂತೆ ಬಟ್ಟೆಯಲ್ಲಿ ಅರಳೆ ತುಂಬಿದ ಮೆತ್ತೆಯೊಂದಿತ್ತು. ಅವ್ವ ಹರ್ತಿ ಊರಿನ ಹೊಲಕ್ಕೆ ಹತ್ತಿ ಬಿಡಿಸಲು ಹೋದಾಗ ಕೂಲಿಯ ಬದಲು ಕೊಟ್ಟ ಹತ್ತಿ ಅದು. ನಮ್ಮ ಮನೆಯಲ್ಲಿ ನಿಜಕ್ಕೂ ನಮ್ಮದು ಎನ್ನಬಹುದಾದ ಅರಳೆ ಅಷ್ಟೇ. ಅಪ್ಪ ಆ ಮೆತ್ತೆಯನ್ನು ಬಿಚ್ಚಿದ. ಪುಟ್ಟ ಗಾದಿಯಿಂದ ನೌಕರರ ಪಾಲೆಂದು ಒಂದು ಹಿಡಿ ತೆಗೆದು ಬದಿಗಿಟ್ಟು, ಅದರ ಜಾಗಕ್ಕೆ ಇದನ್ನು ತುಂಬಿದ. ಅವ್ವ ಸೂಜಿಗೆ ದಾರ ಪೋಣಿಸಿ, ನನ್ನ ಹೊಲಿಗೆಯನ್ನೆಲ್ಲ ಬಿಚ್ಚಿ ಹೊಸದಾಗಿ ಹೊಲಿದಳು.

ಬದಿಗಿಟ್ಟ ಹಿಡಿಯನ್ನು ಏನು ಮಾಡುವುದು? ಇಟ್ಟುಕೊಳ್ಳುವಂತಿಲ್ಲ, ಬಿಸಾಡುವಂತಿಲ್ಲ. ಗುಬ್ಬಿಗಳು ಗೂಡಿಗೆ ಒಯ್ಯಲಿ ಎಂದು ಅಪ್ಪ ಅದನ್ನು ಕರಿಬೇವಿನ ಕೊಂಬೆಗೆ ಸಿಕ್ಕಿಸಿದ. ಗುಬ್ಬಿಗಳು ಬಂದವು, ನೋಡಿದವು, ಹುಲ್ಲುಕಡ್ಡಿಯನ್ನೇ ಒಯ್ದವು. ನಾಲ್ಕನೆಯ ದಿನ ಬೇಸಿಗೆಯ ಅಡ್ಡಮಳೆ ಸುರಿದು ಅರಳೆ ತೊಯ್ದು ಮುದ್ದೆಯಾಗಿ ಕೊಂಬೆಗೆ ಅಂಟಿಕೊಂಡಿತು. ಅಂದರೆ ಕೊನೆಗೂ ಅದು ಕೆಟ್ಟೇಹೋಯಿತು. ದಿನಕ್ಕೆ ಐದು ಸಲ ಅಪ್ಪ ಆ ಗಿಡದ ಕೆಳಗೆ ಕುಳಿತು ವುಜೂ ಮಾಡುತ್ತಿದ್ದ, ಐದು ಸಲವೂ ತಲೆಯೆತ್ತಿ ಅದನ್ನು ನೋಡುತ್ತಿದ್ದ. ತೆಗೆಯಲಿಲ್ಲ.

ಗಾಣದ ಸಾವಕಾರರು ಮತ್ತೆ ಅಪ್ಪನನ್ನು ಕೆಲಸಕ್ಕೆ ಕರೆಯಲಿಲ್ಲ. ಮೆತ್ತೆಯಿಲ್ಲದ ಬಿಲ್ಲು ಹಿಡಿದು ಅಪ್ಪನ ಅಂಗೈಯಲ್ಲಿ ಗುಳ್ಳೆಯೆದ್ದು, ಒಡೆದು, ಆ ಬೇಸಿಗೆ ಮುಗಿಯುವಷ್ಟರಲ್ಲಿ ಗಟ್ಟಿಯಾಯಿತು. ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ಗಾದಿ ರೊಟ್ಟಿಯಷ್ಟೇ ತೆಳ್ಳಗಿದ್ದರೂ ಅಕ್ಕ ಅದರ ಮೇಲೆಯೇ ಕೂಸನ್ನು ಮಲಗಿಸಿದಳು. ಅದು ಮಲಗಿಸಿದ ಕೂಡಲೇ ನಿದ್ದೆ ಹೋಯಿತು, ಅದಕ್ಕೇನು ಗೊತ್ತು. ಒಂದು ದಿನ ನಾನು ಧೈರ್ಯ ಮಾಡಿ, ನಾನು ಮಾಡಿದ್ದು ತಪ್ಪೇನು ಎಂದು ಅಪ್ಪನನ್ನು ಕೇಳಿದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ಆ ಒರಟು ಅಂಗೈ ನನ್ನ ಕೂದಲಿಗೆ ಸಿಕ್ಕಿಕೊಂಡಿತು. "ತಪ್ಪಲ್ಲ. ಬರೋಬ್ಬರಿನೂ ಅಲ್ಲ" ಎಂದ. ಇದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಎಂದು ನನಗೆ ಆಗ ಅನಿಸಿತ್ತು.

ಈಗ ಅಪ್ಪನಿಲ್ಲ, ಆ ಬಿಲ್ಲಿನ ಸದ್ದೂ ಇಲ್ಲ. ಹೋದ ತಿಂಗಳು ಗದಗಿನ ಈ ನಿಮ್ಮ ಮನೆಗೆ ಹೊಸ ಗಾದಿ ಬಂತು. ಪ್ಲಾಸ್ಟಿಕ್ಕಿನಲ್ಲಿ ಸುರುಳಿ ಸುತ್ತಿ ಬಂದದ್ದು, ಕತ್ತರಿಸಿದ ಕೂಡಲೇ ಉಸಿರೆಳೆದುಕೊಂಡು ಉಬ್ಬಿತು. ನೀವು ಚಪ್ಪಾಳೆ ತಟ್ಟಿ ಕುಣಿದಿರಿ. ಹಳೆಯದು ಬೇಡವೆಂದು ಕಸದ ಗಾಡಿಗೆ ಹೋಯಿತು. ಇದರೊಳಗೆ ಏನಿದೆ ಎಂದು ನಾನು ಕೇಳಿದೆ, ನಿಮಗೆ ಗೊತ್ತಿರಲಿಲ್ಲ. ಯಾರು ಮಾಡಿದ್ದು ಎಂದು ಕೇಳಿದೆ, ತಂದುಕೊಟ್ಟ ಹುಡುಗನಿಗೂ ಗೊತ್ತಿರಲಿಲ್ಲ. ನೀವು ಫೋನಿನಲ್ಲಿ ಹುಡುಕಿ ಒಂದು ಕಂಪನಿಯ ಹೆಸರು ಹೇಳಿದಿರಿ, ಅದು ಯಾವ ಊರೆಂದು ಅಲ್ಲಿಯೂ ಬರೆದಿರಲಿಲ್ಲ.

ನಿಮ್ಮನ್ನು ನಾನು ದೂರುತ್ತಿಲ್ಲ. ನೀವು ಒಳ್ಳೆಯ ಮಕ್ಕಳು, ಶಾಲೆಯಲ್ಲಿ ನೀರು ಉಳಿಸಿ ಎಂದು ಚಿತ್ರ ಬರೆದು ಬಹುಮಾನವನ್ನೂ ತಂದಿದ್ದೀರಿ. ಆದರೆ ನಿಮ್ಮಲ್ಲಿ ಚಿಕ್ಕವಳು ಈಗಷ್ಟೇ ಈ ಕಥೆ ಕೇಳಿ, "ಹಂಗಾದ್ರ ಅಜ್ಜೀ, ನಿಮ್ಮಪ್ಪ ಮಾಡಿದ್ದು ಸರಿನೋ ತಪ್ಪೋ" ಎಂದು ಕೇಳಿದಳಲ್ಲ, ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಗೊತ್ತಿದ್ದರೆ ತಾನೆ ಕೊಡುವುದು. ಇಷ್ಟು ಮಾತ್ರ ಹೇಳಬಲ್ಲೆ. ಎರಡು ಬೊಗಸೆ ಅರಳೆಯ ಬಗ್ಗೆ ಅಪ್ಪನಿಗೆ ದಾರಿ ತಿಳಿಯದಾದಾಗ ಹೋಗಿ ನಿಲ್ಲಲು ಮೂರು ಬಾಗಿಲುಗಳಿದ್ದವು. ಒಂದು ನಕ್ಕಿತು, ಒಂದು ಬೈಯಿತು, ಒಂದರ ಹಿಂದೆ ಬೇರೆ ಯಾರೋ ಇದ್ದರು. ಈ ಇಷ್ಟು ದೊಡ್ಡ ಗಾದಿಯ ಬಗ್ಗೆ ಕೇಳಬೇಕೆಂದರೆ ನಿಮ್ಮ ಕೈ ಹಿಡಿದುಕೊಂಡು ನಾನು ಯಾರ ಬಾಗಿಲಿಗೆ ಹೋಗಲಿ? ಹೋದ ತಿಂಗಳಿನಿಂದ ಇದನ್ನೇ ಯೋಚಿಸುತ್ತ ಅದರ ಮೇಲೆಯೇ ಮಲಗುತ್ತಿದ್ದೇನೆ. ನಿದ್ದೆ ಚೆನ್ನಾಗಿಯೇ ಬರುತ್ತಿದೆ. ಅದು ಹೇಗೆ ಬರುತ್ತಿದೆ ಎಂಬುದೂ ನನಗೆ ತಿಳಿಯುತ್ತಿಲ್ಲ.